ಪರದೆ ಕಪ್ಪಾದರೆ ಮೊದಲು ಟಾರ್ಚ್ ಹಿಡಿಯಿರಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಲ್ಯಾಪ್‌ಟಾಪ್ ಪರದೆಯದ್ದೇ. ಮಳೆ ಹಿಡಿದ ಮೇಲೆ ಮಂಗಳೂರು, ಉಡುಪಿ ಕಡೆಯಿಂದ ಇಂಥ ಪತ್ರಗಳು ಹೆಚ್ಚು ಬರುತ್ತವೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟು, ಪೂರ್ತಿ ಜಾಗ ಇದಕ್ಕೇ ಕೊಟ್ಟಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪರದೆಯಲ್ಲಿ ಕಾಣುವ ತೊಂದರೆ ಪರದೆಯದ್ದೇ ಆಗಿರಬೇಕು ಅಂತೇನೂ ಇಲ್ಲ. ಯಾವ ಭಾಗ ಕೆಟ್ಟಿದೆ ಅಂತ ಗೊತ್ತಾಗುವ ತನಕ ಏನನ್ನೂ ಕೊಳ್ಳಬೇಡಿ, ಏನನ್ನೂ ಬಿಚ್ಚಬೇಡಿ.

ಪ್ರಶ್ನೆ: ಮಗಳು ಮೂಡುಬಿದಿರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಅವಳ ಲ್ಯಾಪ್‌ಟಾಪ್ ಆನ್ ಮಾಡಿದರೆ ಫ್ಯಾನ್ ಸದ್ದು ಬರ್ತದೆ, ಕೀಬೋರ್ಡಿನ ಲೈಟ್ ಹತ್ತುತ್ತದೆ, ಪರದೆ ಮಾತ್ರ ಪೂರ್ತಿ ಕಪ್ಪು. ಅಂಗಡಿಗೆ ತೆಗೆದುಕೊಂಡು ಹೋದರೆ ನೋಡಿದ ಕೂಡಲೇ ಡಿಸ್‌ಪ್ಲೇ ಹೋಗಿದೆ, ಹೊಸದು ಹಾಕಬೇಕು ಅಂದರು. ಹಾಕಿಸುವುದಾ ಸರ್?
ಗೃಹಿಣಿ, ಕಾರ್ಕಳ

ಉತ್ತರ: ಈಗಲೇ ಬೇಡ ಅಕ್ಕ. ನೋಡಿದ ಕೂಡಲೇ ಹೇಳಿಬಿಡುವ ವಿಷಯ ಇದಲ್ಲ. ಕಪ್ಪು ಪರದೆಗೆ ಹಲವು ಕಾರಣಗಳಿವೆ, ಅವುಗಳಲ್ಲಿ ಕೆಲವಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಮೊದಲು ಚಾರ್ಜರ್ ತೆಗೆಯಿರಿ. ಪವರ್ ಬಟನ್ ಒತ್ತಿ ಅರ್ಧ ನಿಮಿಷ ಹಾಗೇ ಹಿಡಿದುಕೊಳ್ಳಿ. ಒಳಗೆ ಉಳಿದಿದ್ದ ಕರೆಂಟ್ ಖಾಲಿಯಾಗುತ್ತದೆ. ಆಮೇಲೆ ಚಾರ್ಜರ್ ಹಾಕಿ ಆನ್ ಮಾಡಿ. ಇಷ್ಟಕ್ಕೇ ಸರಿಯಾಗುವ ಲ್ಯಾಪ್‌ಟಾಪ್‌ಗಳು ಬೇಕಾದಷ್ಟಿವೆ. ಆಗಲಿಲ್ಲ ಅಂದರೆ ಒಂದೆರಡು ನಿಮಿಷ ಬಿಟ್ಟು ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ಸಣ್ಣ ದೀಪ ಹತ್ತಿ ಆರುತ್ತಿದ್ದರೆ ಒಳಗೆ ಎಲ್ಲಾ ಓಡುತ್ತಿದೆ, ನಮಗೆ ಕಾಣುತ್ತಿಲ್ಲ ಅಷ್ಟೇ. ದೀಪ ಹತ್ತುವುದೇ ಇಲ್ಲ, ಅಥವಾ ಬೀಪ್ ಬೀಪ್ ಅಂತ ಸದ್ದು ಬರುತ್ತದೆ ಅಂದರೆ ಮಾತು ಬೇರೆ. ಆಗ ಯಂತ್ರ ಸರಿಯಾಗಿ ಶುರುವೇ ಆಗಿಲ್ಲ, ಪರದೆಯನ್ನು ದೂರಿ ಪ್ರಯೋಜನ ಇಲ್ಲ. ಅಂಥ ಹೊತ್ತಲ್ಲಿ ನಾನು ಮೊದಲು ಅನುಮಾನ ಪಡುವುದು, ಕೆಲಸ ನಡೆಯುವಾಗ ಮಾಹಿತಿ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಪಟ್ಟಿಯಾದ ರ‍್ಯಾಮ್ ಮೇಲೆ. ಅಡಿಭಾಗ ಬಿಚ್ಚಿ, ಬ್ಯಾಟರಿಯ ಕನೆಕ್ಟರ್ ತೆಗೆದು, ರ‍್ಯಾಮ್ ಹೊರಗೆಳೆದು, ಅದರ ಬಂಗಾರದ ಬಣ್ಣದ ಅಂಚನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸಿದರೆ ಎಷ್ಟೋ ಸಲ ಕಪ್ಪು ಪರದೆ ಎದ್ದು ಬರುತ್ತದೆ. ನಮ್ಮ ಕರಾವಳಿಯ ತೇವಕ್ಕೆ ಆ ಅಂಚಿನ ಮೇಲೆ ಮಸುಕು ಕೂರುವುದು ಮಾಮೂಲು. ರ‍್ಯಾಮ್ ಮುಖ್ಯ ಬೋರ್ಡಾದ ಮದರ್‌ಬೋರ್ಡಿಗೇ ಬೆಸೆದಿರುವ ತೆಳು ಲ್ಯಾಪ್‌ಟಾಪ್ ಆದರೆ ಇದನ್ನು ಮಾಡಲು ಬರುವುದಿಲ್ಲ.

ಕ್ಯಾಪ್ಸ್ ಲಾಕ್ ದೀಪ ಸರಿ ಇದೆ ಅಂತಿಟ್ಟುಕೊಳ್ಳಿ. ಈಗ ಕೋಣೆಯ ಲೈಟ್ ಆರಿಸಿ, ಮೊಬೈಲಿನ ಟಾರ್ಚನ್ನು ಪರದೆಯ ಹತ್ತಿರ ಓರೆಯಾಗಿ ಹಿಡಿದು, ನಿಧಾನಕ್ಕೆ ಅತ್ತಿತ್ತ ಆಡಿಸುತ್ತಾ ಹತ್ತಿರದಿಂದ ನೋಡಿ. ತುಂಬಾ ಮಂಕಾಗಿ ಗಡಿಯಾರವೋ, ಪಾಸ್‌ವರ್ಡ್ ಕೇಳುವ ಚೌಕವೋ ಕಾಣುತ್ತಾ? ಕಂಡರೆ ಚಿತ್ರ ಬರುತ್ತಿದೆ, ಬೆಳಕು ಮಾತ್ರ ಬರುತ್ತಿಲ್ಲ. ಇದು ಯಾಕೆ ಹೀಗೆ ಅಂತ ತಿಳಿದಿದ್ದರೆ ಮುಂದಿನದ್ದೆಲ್ಲಾ ಸುಲಭ. ಎಲ್‌ಸಿಡಿ ಗಾಜು ತಾನಾಗಿ ಬೆಳಗುವುದಿಲ್ಲ, ಅದು ಚಿತ್ರ ಮಾತ್ರ ಮೂಡಿಸುತ್ತದೆ. ಅದರ ಹಿಂದೆ ಕೆಲವು ಬಿಳಿ ಹಾಳೆಗಳಿವೆ, ಸಾಮಾನ್ಯವಾಗಿ ಕೆಳ ಅಂಚಿನಲ್ಲಿ ಎಲ್‌ಇಡಿಗಳ ಸಣ್ಣ ಪಟ್ಟಿ ಇದೆ. ಆ ಪಟ್ಟಿಯ ಬೆಳಕು ಹಾಳೆಗಳ ಮೂಲಕ ಹರಡಿ ಗಾಜಿನ ಹಿಂದಿನಿಂದ ಬರುತ್ತದೆ. ಅದೇ ಬ್ಯಾಕ್‌ಲೈಟ್. ಗಾಜು, ಹಾಳೆ, ಪಟ್ಟಿ ಎಲ್ಲಾ ಸೇರಿದ್ದೇ ಪ್ಯಾನೆಲ್. ಚಿತ್ರದ ಸಿಗ್ನಲ್ ಮತ್ತು ಬ್ಯಾಕ್‌ಲೈಟಿನ ಕರೆಂಟ್ ಎರಡೂ ಒಂದೇ ಕೇಬಲ್‌ನಲ್ಲಿ ಮದರ್‌ಬೋರ್ಡಿನಿಂದ ಮೇಲೆ ಹೋಗುತ್ತವೆ. ಹಾಗಾಗಿ ಬೆಳಕು ಹೋಗಿದ್ದರೆ ಎಲ್‌ಇಡಿ ಪಟ್ಟಿ ಕೆಟ್ಟಿರಬಹುದು, ಪ್ಯಾನೆಲ್ ಮೇಲೆ ಅದನ್ನು ನಡೆಸುವ ಸರ್ಕ್ಯೂಟ್ ಕೆಟ್ಟಿರಬಹುದು, ಕೇಬಲ್‌ನ ಒಂದು ಎಳೆ ತುಂಡಾಗಿರಬಹುದು, ಇಲ್ಲ ಮದರ್‌ಬೋರ್ಡ್ ಮೇಲಿನ ಸಾಸಿವೆ ಗಾತ್ರದ ಒಂದು ಫ್ಯೂಸ್ ಸುಟ್ಟಿರಬಹುದು. ಕೊನೆಯ ಎರಡು ಕಾರಣ ಆದರೆ ಹೊಸ ಪ್ಯಾನೆಲ್ ಹಾಕಿದರೂ ಅದೂ ಕಪ್ಪಾಗಿಯೇ ಇರುತ್ತದೆ! ಅದಕ್ಕೇ ಅಂಗಡಿಯವರ ಹತ್ತಿರ ಒಂದೇ ಮಾತು ಕೇಳಿ: ನಿಮ್ಮಲ್ಲಿರುವ ಬೇರೊಂದು ಪ್ಯಾನೆಲ್ ಸಿಕ್ಕಿಸಿ ತೋರಿಸುತ್ತೀರಾ? ತೋರಿಸಿ ಸರಿಯಾದರೆ ಮಾತ್ರ ದುಡ್ಡು ಕೊಡಿ.

ಟಾರ್ಚ್ ಹಿಡಿದರೂ ಏನೂ ಕಾಣದಿದ್ದರೆ ಮನೆಯ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಿ. ಹೆಚ್ಚಾಗಿ ಚಿತ್ರ ತಾನಾಗಿಯೇ ಬರುತ್ತದೆ. ಬರದಿದ್ದರೆ ವಿಂಡೋಸ್ ಕೀ ಮತ್ತು ಪಿ ಒಟ್ಟಿಗೆ ಒತ್ತಿ, ಕೆಳಗಿನ ಬಾಣದ ಕೀ ಒಮ್ಮೆ ಒತ್ತಿ, ಎಂಟರ್ ಹೊಡೆಯಿರಿ. ಟಿವಿಯಲ್ಲಿ ಚೊಕ್ಕವಾಗಿ ಬಂದರೆ ಗ್ರಾಫಿಕ್ಸ್ ಚಿಪ್, ಪ್ರೊಸೆಸರ್, ವಿಂಡೋಸ್ ಎಲ್ಲಾ ಕ್ಷೇಮ. ಉಳಿದದ್ದು ಹೆಚ್ಚಾಗಿ ಕೇಬಲ್, ಅದರ ಕನೆಕ್ಟರ್, ಪ್ಯಾನೆಲ್. ಮಗಳ ಪ್ರಾಜೆಕ್ಟ್ ಫೈಲುಗಳನ್ನು ಇದೇ ಹೊತ್ತಲ್ಲಿ ಪೆನ್‌ಡ್ರೈವ್‌ಗೆ ತೆಗೆದಿಟ್ಟುಬಿಡಿ. ರಿಪೇರಿಗೆ ಕೊಡುವ ಮೊದಲು ಮಾಡಬೇಕಾದ ಕೆಲಸ ಇದೊಂದೇ ಅಂದರೂ ತಪ್ಪಿಲ್ಲ. ಟಿವಿಯಲ್ಲೂ ಬರುತ್ತಿಲ್ಲ ಅಂದರೆ ಮದರ್‌ಬೋರ್ಡ್ ನೋಡುವವರ ಹತ್ತಿರವೇ ಹೋಗಬೇಕು.

ಇನ್ನೊಂದು. ಡೆಲ್‌ನ ಈಚಿನ ಹೆಚ್ಚಿನ ಮಾದರಿಗಳಲ್ಲಿ ಪರದೆಗೆ ಅದರದೇ ಪರೀಕ್ಷೆ ಇದೆ. ಆಫ್ ಮಾಡಿ, ಡಿ ಕೀ ಒತ್ತಿ ಹಿಡಿದೇ ಪವರ್ ಬಟನ್ ಒತ್ತಿ. ಪರದೆ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಅಂತ ಬಣ್ಣ ಬದಲಿಸುತ್ತಾ ಹೋದರೆ ಪ್ಯಾನೆಲ್ ಬದುಕಿದೆ ಅಂತ ಲೆಕ್ಕ. ಒಎಲ್‌ಇಡಿ ಪರದೆ ಇರುವವರಿಗೆ ಮಾತ್ರ ಟಾರ್ಚ್ ಪರೀಕ್ಷೆ ಉಪಯೋಗಕ್ಕಿಲ್ಲ, ಅದರಲ್ಲಿ ಬ್ಯಾಕ್‌ಲೈಟೇ ಇರುವುದಿಲ್ಲ.

ಪ್ರಶ್ನೆ: ಪರದೆಯನ್ನು ನೇರ ನಿಲ್ಲಿಸಿದರೆ ಸರಿ ಇರುತ್ತದೆ. ಸ್ವಲ್ಪ ಹಿಂದಕ್ಕೆ ಬಾಗಿಸಿದರೆ ಪಟಪಟ ಅಂತ ಮಿನುಗಿ ಕಪ್ಪಾಗುತ್ತದೆ. ಮತ್ತೆ ಮುಂದಕ್ಕೆ ತಂದರೆ ಬರುತ್ತದೆ. ಹೊಸ ಪರದೆ ಬೇಕಾ?
ವಿದ್ಯಾರ್ಥಿ, ಸುರತ್ಕಲ್

ಉತ್ತರ: ಬೇಡ ತಮ್ಮ. ನೀವು ಹೇಳಿದ ಲಕ್ಷಣ ಓದಿದರೇ ಗೊತ್ತಾಗುತ್ತದೆ, ಕೇಬಲ್. ಆ ಕೇಬಲ್ ಪರದೆ ತಿರುಗುವ ಕೀಲು, ಅಂದರೆ ಹಿಂಜ್ ಪಕ್ಕದಿಂದಲೇ ಮೇಲೆ ಹೋಗುತ್ತದೆ. ಪ್ರತಿ ಸಲ ತೆರೆದು ಮುಚ್ಚುವಾಗ ಅದು ಮಡಚಿ ಬಿಡಿಸಿ ಆಗುತ್ತಾ ಇರುತ್ತದೆ. ಎರಡು ಮೂರು ವರ್ಷ ಆದ ಮೇಲೆ ಎಳೆಗಳು ಒಂದೊಂದೇ ಸವೆಯುವುದು ಸಹಜ. ಹಿಂಜ್ ಬಿಗಿಯಾಗಿ ಕಿರಿಕಿರಿ ಸದ್ದು ಮಾಡುತ್ತಿದ್ದರೆ ಇನ್ನೂ ಬೇಗ.

ಖಚಿತ ಮಾಡಿಕೊಳ್ಳಲು ಟಿವಿಗೋ ಮಾನಿಟರಿಗೋ ಸಿಕ್ಕಿಸಿ, ಅದರಲ್ಲಿ ಚಿತ್ರ ಬರುತ್ತಿರುವಾಗ ಲ್ಯಾಪ್‌ಟಾಪ್ ಪರದೆಯನ್ನು ಬಾಗಿಸಿ ನೋಡಿ. ಹೊರಗಿನದು ಅಲ್ಲಾಡದೆ ಇದ್ದು ಲ್ಯಾಪ್‌ಟಾಪ್‌ನದು ಮಾತ್ರ ಮಿನುಗಿದರೆ ಅನುಮಾನವೇ ಬೇಡ. ಕೆಲವು ಸಲ ಕೇಬಲ್ ಚೆನ್ನಾಗಿಯೇ ಇದ್ದು ಅದರ ತುದಿ ಸ್ವಲ್ಪ ಸಡಿಲ ಆಗಿರುತ್ತದೆ. ಲ್ಯಾಪ್‌ಟಾಪ್ ಕೆಳಗೆ ಬಿದ್ದಿದ್ದರೆ ಹಾಗಾಗುತ್ತದೆ. ಅಂಥದ್ದಕ್ಕೆ ತೆಗೆದು ಮತ್ತೆ ಸಿಕ್ಕಿಸಿದರೆ ಸಾಕು.

ಕೇಬಲ್ ಪ್ಯಾನೆಲ್‌ಗಿಂತ ಬಹಳ ಅಗ್ಗ. ಆದರೆ ನಿಮ್ಮ ಮಾದರಿಗೇ ಮಾಡಿದ್ದು ಬೇಕು. ಹಳೆ ಕೇಬಲ್ ಮೇಲೆ ಸಣ್ಣ ಚೀಟಿಯಲ್ಲಿ ಪಾರ್ಟ್ ನಂಬರ್ ಇರುತ್ತದೆ, ಅದನ್ನು ಫೋಟೊ ತೆಗೆದು ಅದೇ ನಂಬರಿನದು ತರಿಸಿ. ಹಾಕುವಾಗ ಹಳೆಯದು ಯಾವ ಸಂದಿನಲ್ಲಿ, ಯಾವ ಕೊಕ್ಕೆಯ ಅಡಿಯಲ್ಲಿ ಹೋಗಿತ್ತೋ ಹೊಸದೂ ಹಾಗೇ ಹೋಗಬೇಕು. ಒಂದು ಕೊಕ್ಕೆ ತಪ್ಪಿದರೂ ಹಿಂಜ್ ಅದನ್ನು ಕಚ್ಚುತ್ತದೆ, ಆರು ತಿಂಗಳಲ್ಲಿ ಮತ್ತೆ ಇದೇ ಕಥೆ. ಹಿಂಜ್ ಬಿಗಿ ಇದ್ದರೆ ಅದನ್ನೂ ಆಗಲೇ ಸ್ವಲ್ಪ ಸಡಿಲ ಮಾಡಿಸಿ. ಅಷ್ಟರ ತನಕ ಪರದೆಯನ್ನು ಒಂದೇ ಕೋನದಲ್ಲಿ ಇಟ್ಟು ಕೆಲಸ ಮಾಡಿ. ಸವೆದ ಎಳೆಗಳು ಒಂದಕ್ಕೊಂದು ತಾಗಿದರೆ ಮದರ್‌ಬೋರ್ಡಿನ ಆ ಫ್ಯೂಸ್ ಹೋಗುವ ಸಾಧ್ಯತೆ ಇದೆ, ಆಗ ಸಣ್ಣ ಖರ್ಚು ದೊಡ್ಡದಾಗುತ್ತದೆ.

ಪ್ರಶ್ನೆ: ಸಂಜೆ ಆದ ಮೇಲೆ ಪರದೆ ಪೂರ್ತಿ ಹಳದಿ. ಬೆಳಿಗ್ಗೆ ತಾನಾಗಿಯೇ ಸರಿ. ಪ್ಯಾನೆಲ್ ಹಾಳಾಗುವ ಸೂಚನೆಯಾ?
ಬ್ಯಾಂಕ್ ಉದ್ಯೋಗಿ, ಉಡುಪಿ

ಉತ್ತರ: ಏನೂ ಹಾಳಾಗಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ ಒಳಗೆ ಹೋಗಿ, ಸಂಜೆ ಪರದೆಯನ್ನು ಹಳದಿ ಮಾಡುವ ನೈಟ್ ಲೈಟ್ ಆಫ್ ಮಾಡಿ. ರಾತ್ರಿ ಕಣ್ಣಿಗೆ ಹಿತ ಅನ್ನಿಸಿದರೆ ಹಾಗೇ ಬಿಡಿ.

ಪ್ರಶ್ನೆ: ನಾನು ಯಕ್ಷಗಾನದ ವಿಡಿಯೊ ಎಡಿಟ್ ಮಾಡುವವನು. ಪರದೆಯ ಬಲಗಡೆ ಮೇಲಿಂದ ಕೆಳಗೆ ಹಸಿರು, ಗುಲಾಬಿ ಗೆರೆಗಳು ಬಂದಿವೆ. ಒಂದಿದ್ದದ್ದು ಈಗ ನಾಲ್ಕಾಗಿದೆ. ಚೌಕಟ್ಟನ್ನು ಒತ್ತಿದರೆ ಕೆಲವು ಹೋಗಿ ಮತ್ತೆ ಬರುತ್ತವೆ. ವಿಂಡೋಸ್ ಹೊಸದಾಗಿ ಹಾಕಿದರೆ ಹೋಗ್ತದೆ ಅಂತ ಗೆಳೆಯ ಹೇಳ್ತಾನೆ. ಪ್ಯಾನೆಲ್ ಬದಲಿಸಬೇಕಾದರೆ ನಾನೇ ಮನೆಯಲ್ಲಿ ಮಾಡಬಹುದಾ?
ವಿಡಿಯೊ ಎಡಿಟರ್, ಬ್ರಹ್ಮಾವರ

ಉತ್ತರ: ವಿಂಡೋಸ್ ಮುಟ್ಟಬೇಡಿ ಅಣ್ಣ, ಸುಮ್ನೆ ಒಂದು ದಿನ ಹೋಗುತ್ತದೆ. ಒಂದು ಸ್ಕ್ರೀನ್‌ಶಾಟ್ ತೆಗೆದು ಮೊಬೈಲಿಗೆ ಕಳಿಸಿ ನೋಡಿ. ಸ್ಕ್ರೀನ್‌ಶಾಟ್‌ನಲ್ಲಿ ಗೆರೆ ಇಲ್ಲ ಅಂದರೆ ವಿಂಡೋಸ್ ಕಳಿಸುತ್ತಿರುವ ಚಿತ್ರ ಸರಿಯಾಗಿದೆ. ಲ್ಯಾಪ್‌ಟಾಪ್‌ನ ಮೂಲ ಸೆಟ್ಟಿಂಗ್ ಪುಟವಾದ ಬಯೋಸ್ ತೆರೆದೂ ನೋಡಬಹುದು. ಆನ್ ಮಾಡುವಾಗ ಡೆಲ್, ಏಸರ್, ಏಸಸ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10 ಒತ್ತಬೇಕು. ಅಲ್ಲಿ ವಿಂಡೋಸ್ ಇನ್ನೂ ಬಂದೇ ಇರುವುದಿಲ್ಲ. ಅಲ್ಲೂ ಗೆರೆ ಇದ್ದರೆ ವಿಂಡೋಸಿನದ್ದಾಗಲಿ ಡ್ರೈವರಿನದ್ದಾಗಲಿ ತಪ್ಪಲ್ಲ. ಟಿವಿಗೆ ಹಾಕಿದಾಗ ಅದರಲ್ಲೂ ಅದೇ ಗೆರೆ ಬಂದರೆ ಮಾತ್ರ ಗ್ರಾಫಿಕ್ಸ್ ಚಿಪ್ ಕಡೆ ನೋಡಬೇಕು.

ಚೌಕಟ್ಟು ಒತ್ತಿದರೆ ಗೆರೆ ಹೋಗಿ ಬರುತ್ತದೆ ಅಂತ ಬರೆದಿದ್ದೀರಿ. ಗಾಜಿನ ಅಂಚಿಗೆ ಅತಿ ತೆಳುವಾದ ಪಟ್ಟಿಗಳನ್ನು ಶಾಖ ಮತ್ತು ಒತ್ತಡದಲ್ಲಿ ಅಂಟಿಸಿರುತ್ತಾರೆ. ಒಂದೊಂದು ಪಟ್ಟಿಯಲ್ಲೂ ನೂರಾರು ಸಂಪರ್ಕ ಇರುತ್ತದೆ. ಅವುಗಳಲ್ಲಿ ಕೆಲವು ಬಿಟ್ಟುಕೊಂಡಾಗ ಇಂಥ ಗೆರೆ ಬರುತ್ತದೆ. ಅದನ್ನು ಮತ್ತೆ ಅಂಟಿಸಲು ಅದಕ್ಕೆಂದೇ ಯಂತ್ರ ಬೇಕು. ಬಟ್ಟೆಯ ಕ್ಲಿಪ್ ಹಾಕಿ ಒತ್ತುವುದು, ಇಸ್ತ್ರಿಪೆಟ್ಟಿಗೆಯ ಬಿಸಿ ಕೊಡುವುದು ಅಂತೆಲ್ಲಾ ವಿಡಿಯೊಗಳಲ್ಲಿ ತೋರಿಸುತ್ತಾರೆ, ದಯವಿಟ್ಟು ಮಾಡಬೇಡಿ. ನಿಮ್ಮದು ಪ್ಯಾನೆಲ್ ಬದಲಿಸುವ ಕೇಸ್. ಮೇಲಿನ ಎರಡು ಪತ್ರದವರಿಗೆ ಬೇಡ ಅಂದವನು ನಿಮಗೆ ಬೇಕು ಅನ್ನುತ್ತಿದ್ದೇನೆ.

ಮನೆಯಲ್ಲಿ ಮಾಡಬಹುದಾ ಅಂದರೆ, ಸಾಮಾನ್ಯ 14 ಅಥವಾ 15.6 ಇಂಚಿನ, ಟಚ್ ಇಲ್ಲದ ಲ್ಯಾಪ್‌ಟಾಪ್ ಆದರೆ ಖಂಡಿತ ಮಾಡಬಹುದು. ಟಚ್ ಇದ್ದರೆ, ಅಥವಾ ಪರದೆಯ ಮುಂದೆ ಅಂಚಿನ ತನಕ ಒಂದೇ ಗಾಜು ಇದ್ದರೆ ಕೈ ಹಾಕಬೇಡಿ. ಗಾಜು, ಪ್ಯಾನೆಲ್ ಎರಡೂ ಅಂಟಿಕೊಂಡಿರುತ್ತವೆ. ಮ್ಯಾಕ್‌ಬುಕ್‌ನಲ್ಲಿ ಮೇಲಿನ ಭಾಗ ಪೂರ್ತಿ ಒಟ್ಟಿಗೇ ಬದಲಿಸುವುದು.

ಪ್ಯಾನೆಲ್ ಆರ್ಡರ್ ಮಾಡುವಾಗ ಲ್ಯಾಪ್‌ಟಾಪ್‌ನ ಮಾಡೆಲ್ ಹೆಸರನ್ನು ನಂಬಬೇಡಿ. ಒಂದೇ ಮಾಡೆಲ್‌ಗೆ ಕಂಪನಿಯವರು ಬೇರೆ ಬೇರೆ ಪ್ಯಾನೆಲ್ ಹಾಕಿರುತ್ತಾರೆ. ಹಳೆಯದನ್ನು ಬಿಚ್ಚಿ ಅದರ ಬೆನ್ನಿನ ಚೀಟಿ ಓದಿ. ಬಿ156 ಅಂತ ಶುರುವಾದರೆ ಎಯುಒ ಕಂಪನಿಯದ್ದು, ಎಲ್‌ಪಿ156 ಅಂದರೆ ಎಲ್‌ಜಿ, ಎನ್‌ಟಿ156 ಅಥವಾ ಎನ್‌ವಿ156 ಅಂದರೆ ಬಿಒಇ. 156 ಅಂದರೆ 15.6 ಇಂಚು, 140 ಅಂದರೆ 14 ಇಂಚು. ಅದೇ ನಂಬರ್ ಸಿಕ್ಕಿದರೆ ಚಿಂತೆ ಇಲ್ಲ. ಬೇರೆ ಕಂಪನಿಯದ್ದಾದರೆ ಕೇಬಲ್ ಸಿಕ್ಕಿಸುವ ಜಾಗದ ಪಿನ್ 30 ಇದೆಯಾ 40 ಇದೆಯಾ, ಚುಕ್ಕೆಗಳ ಲೆಕ್ಕ ಅಂದರೆ ರೆಸಲ್ಯೂಶನ್ 1366×768 ಆ 1920×1080 ಆ, ಬದಿಯಲ್ಲಿ ಸ್ಕ್ರೂ ಹಾಕುವ ಕಿವಿಗಳು ಇವೆಯಾ ಇಲ್ಲವಾ, ಅಗಲ 350 ಮಿಲಿಮೀಟರಾ 360 ಮಿಲಿಮೀಟರಾ, ಇಷ್ಟೂ ಹೊಂದಬೇಕು. ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ, ಅಂದರೆ ಈಗಿನ 60 ಹರ್ಟ್ಸ್ ಪ್ಯಾನೆಲ್ ಹೆಚ್ಚಿನವು 30 ಪಿನ್. 144 ಹರ್ಟ್ಸ್ ಗೇಮಿಂಗ್ ಪ್ಯಾನೆಲ್‌ಗಳಿಗೆ 40 ಇರುತ್ತದೆ. ನಿಮ್ಮದು ಬಣ್ಣದ ಕೆಲಸ. ವೇಷದ ಕೆಂಪು, ಕಿರೀಟದ ಹೊಳಪು ಎಲ್ಲಾ ಸರಿ ಕಾಣಬೇಕು ಅಲ್ವಾ? ಹಾಗಾಗಿ ಸ್ವಲ್ಪ ಜಾಸ್ತಿ ಆದರೂ ಯಾವ ಕಡೆಯಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದ ಐಪಿಎಸ್ ಪ್ಯಾನೆಲ್ಲನ್ನೇ ತೆಗೆದುಕೊಳ್ಳಿ. ಟಿಎನ್ ಪ್ಯಾನೆಲ್‌ನಲ್ಲಿ ತಲೆ ಸ್ವಲ್ಪ ಮೇಲೆ ಕೆಳಗೆ ಮಾಡಿದರೂ ಬಣ್ಣ ಬದಲಾಗುತ್ತದೆ.

ಇನ್ನು ಕೈಕೆಲಸ. ಆಫ್ ಮಾಡಿ, ಚಾರ್ಜರ್ ತೆಗೆದು, ಅಡಿಭಾಗ ಬಿಚ್ಚಿ ಬ್ಯಾಟರಿ ಕನೆಕ್ಟರ್ ತೆಗೆಯಲೇಬೇಕು. ಇದನ್ನು ಬಿಡುವವರೇ ಜಾಸ್ತಿ. ಬ್ಯಾಟರಿ ಇದ್ದಾಗಲೇ ಪರದೆಯ ಕೇಬಲ್ ಎಳೆದರೆ, ಕನೆಕ್ಟರ್ ಸ್ವಲ್ಪ ಓರೆಯಾಗಿ ಬ್ಯಾಕ್‌ಲೈಟಿನ ಪಿನ್ ಪಕ್ಕದ ಪಿನ್ನಿಗೆ ತಾಗಿದರೆ ಸಾಕು, ಫ್ಯೂಸ್ ಹೋಯಿತು. ಆಮೇಲೆ ಹೊಸ ಪ್ಯಾನೆಲ್ ಕೂಡ ಕಪ್ಪು. ಅಡಿಭಾಗ ತೆರೆದಾಗ ಬ್ಯಾಟರಿ ಉಬ್ಬಿಕೊಂಡಿರುವುದು ಕಂಡರೆ ಅಲ್ಲಿಗೇ ನಿಲ್ಲಿಸಿ, ಒತ್ತಬೇಡಿ, ಚುಚ್ಚಬೇಡಿ, ಮೊದಲು ಅದನ್ನು ಬದಲಿಸಿ.

ಆಮೇಲೆ ಪರದೆಯ ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟು. ಮೂಲೆಗಳಲ್ಲಿ ರಬ್ಬರ್ ಬಿಲ್ಲೆ ಇದ್ದರೆ ಅದರ ಅಡಿಯಲ್ಲಿ ಸ್ಕ್ರೂ ಇರುತ್ತದೆ. ಚೌಕಟ್ಟನ್ನು ಒಳಗಿನ ಅಂಚಿನಿಂದ ಬೆರಳಲ್ಲೋ ಹಳೆ ಎಟಿಎಂ ಕಾರ್ಡಿನಲ್ಲೋ ಮೆಲ್ಲಗೆ ಎಬ್ಬಿಸಿ, ಟಕ್ ಟಕ್ ಅಂತ ಕ್ಲಿಪ್ ಬಿಡುತ್ತಾ ಬರುತ್ತವೆ. ಚಾಕು, ಸ್ಕ್ರೂಡ್ರೈವರ್ ಬೇಡ. ಮೇಲ್ಗಡೆ ವೆಬ್‌ಕ್ಯಾಮ್‌ನ ತಂತಿ, ಬದಿಯಲ್ಲಿ ವೈಫೈ ಆಂಟೆನಾದ ಸಣ್ಣ ತಂತಿ ಇರುತ್ತವೆ, ಅವನ್ನು ಎಳೆಯಬೇಡಿ. ಪ್ಯಾನೆಲ್ ನಾಲ್ಕು ಮೂಲೆಯಲ್ಲಿ ಸ್ಕ್ರೂವಿನಲ್ಲಿ ನಿಂತಿರಬಹುದು. ಹೊಸ ಲ್ಯಾಪ್‌ಟಾಪ್ ಆದರೆ ಎರಡೂ ಬದಿಯಲ್ಲಿ ಎಳೆದರೆ ಉದ್ದ ಆಗುವ ಅಂಟುಪಟ್ಟಿ ಇರುತ್ತದೆ. ಅದರ ತುದಿಯನ್ನು ಚಿಮಟಿಗೆಯಲ್ಲಿ ಹಿಡಿದು, ಪ್ಯಾನೆಲ್‌ಗೆ ಸಮನಾಗಿ, ನಿಧಾನವಾಗಿ, ಒಂದೇ ಸಮ ಎಳೆಯುತ್ತಾ ಹೋಗಿ. ಇಲ್ಲಿ ಅವಸರ ಮಾಡಿದರೆ ಪಟ್ಟಿ ಮಧ್ಯದಲ್ಲಿ ತುಂಡಾಗುತ್ತದೆ. ತುಂಡಾದರೆ ಮೀಟಿ ತೆಗೆಯಲು ಹೋಗಬೇಡಿ, ಹಿಂಬದಿಯಿಂದ ಹೇರ್ ಡ್ರೈಯರಿನಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ ಗಟ್ಟಿ ನೂಲನ್ನು ಗರಗಸದ ಹಾಗೆ ಎಳೆದರೆ ಬಿಡುತ್ತದೆ.

ಪ್ಯಾನೆಲ್ಲನ್ನು ಕೀಬೋರ್ಡಿನ ಮೇಲೆ ಹಾಸಿದ ಮೆತ್ತನೆ ಬಟ್ಟೆಗೆ ಮುಖ ಕೆಳಗೆ ಮಾಡಿ ಮಲಗಿಸಿ. ಕೇಬಲ್‌ನ ಮೇಲಿನ ಟೇಪ್ ಬಿಡಿಸಿ, ಲೋಹದ ಸಣ್ಣ ಕಡ್ಡಿ ಇದ್ದರೆ ಅದನ್ನು ಎತ್ತಿ, ಕನೆಕ್ಟರನ್ನು ಪ್ಯಾನೆಲ್ಲಿಗೆ ಸಮನಾಗಿ ಹೊರಗೆ ಜಾರಿಸಿ. ಮೇಲಕ್ಕೆ ಕೀಳಬೇಡಿ. ಹೊಸದನ್ನು ಹಾಗೇ ಸಿಕ್ಕಿಸಿ, ಅಂಟಿಸುವ ಮೊದಲೇ ಬ್ಯಾಟರಿ ಜೋಡಿಸಿ ಆನ್ ಮಾಡಿ ನೋಡಿ. ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ಹಾಕಿ ಚುಕ್ಕೆ ಇದೆಯಾ ನೋಡಿ. ಅಂಟಿಸಿದ ಮೇಲೆ ವಾಪಸ್ ತೆಗೆದುಕೊಳ್ಳಲು ಅಂಗಡಿಯವರು ಒಪ್ಪುವುದು ಕಷ್ಟ. ಸರಿ ಇದ್ದರೆ ಮತ್ತೆ ಆಫ್ ಮಾಡಿ, ಬ್ಯಾಟರಿ ತೆಗೆದು, ಆಮೇಲೆ ಕೂರಿಸಿ. ಪ್ಯಾನೆಲ್ ಹಿಡಿಯುವಾಗ ಅಂಚಿನಲ್ಲಿ ಹಿಡಿಯಿರಿ, ಕೆಳಗಿನ ಹಸಿರು ಪಟ್ಟಿಯ ಮೇಲೆ ಬೆರಳು ಒತ್ತಬೇಡಿ.

ಪ್ರಶ್ನೆ: ಚಾರ್ಜರ್ ಹಾಕಿದಾಗ ಸರಿ ಇರುವ ಪರದೆ ಬ್ಯಾಟರಿಯಲ್ಲಿ ಓಡುವಾಗ ಮಾತ್ರ ಮಿನುಗುತ್ತದೆ, ಬೆಳಕು ತಾನಾಗಿ ಹೆಚ್ಚು ಕಡಿಮೆ ಆಗುತ್ತದೆ.
ಪದವಿ ಕಾಲೇಜಿನ ಉಪನ್ಯಾಸಕಿ, ಮಂಗಳೂರು

ಉತ್ತರ: ಇದು ಹೆಚ್ಚಾಗಿ ಬ್ಯಾಟರಿ ಉಳಿಸುವ ಸೆಟ್ಟಿಂಗ್‌ನದ್ದು ಮೇಡಂ. ಇಂಟೆಲ್ ಗ್ರಾಫಿಕ್ಸ್ ಇದ್ದರೆ ಅದರ ಆ್ಯಪ್ ತೆರೆದು, ಪವರ್ ವಿಭಾಗದಲ್ಲಿ ಬ್ಯಾಟರಿಯ ಕೆಳಗೆ ಇರುವ ಡಿಸ್‌ಪ್ಲೇ ಪವರ್ ಸೇವಿಂಗ್ ಮತ್ತು ಪ್ಯಾನೆಲ್ ಸೆಲ್ಫ್ ರಿಫ್ರೆಶ್ ಎರಡನ್ನೂ ಆಫ್ ಮಾಡಿ ನೋಡಿ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲೂ ಬ್ರೈಟ್‌ನೆಸ್ ತಾನಾಗಿ ಬದಲಿಸುವ ಆಯ್ಕೆ ಇರುತ್ತದೆ, ಅದನ್ನೂ ತೆಗೆಯಿರಿ. ಆದರೂ ಮಿನುಗಿದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರದೆ ಮಿನುಗುವಾಗ ಆ ಕಿಟಕಿಯೂ ಜೊತೆಗೇ ಮಿನುಗಿದರೆ ಡಿಸ್‌ಪ್ಲೇ ಡ್ರೈವರಿನ ಮೇಲೆ ಅನುಮಾನ. ಅದೊಂದು ಬಿಟ್ಟು ಉಳಿದದ್ದು ಮಿನುಗಿದರೆ ಯಾವುದೋ ಆ್ಯಪ್ ಕಾರಣ. ಇದು ಮೈಕ್ರೋಸಾಫ್ಟ್‌ನವರೇ ಹೇಳುವ ದಾರಿ, ಚೆನ್ನಾಗಿ ಕೆಲಸ ಮಾಡುತ್ತದೆ.

ಪ್ರಶ್ನೆ: ನಮ್ಮ ಮನೆ ಕಡಲಿಗೆ ಹತ್ತಿರ. ಪ್ರತಿ ಮಳೆಗಾಲದಲ್ಲಿ ಬೆಳಿಗ್ಗೆ ಆನ್ ಮಾಡಿದರೆ ಪರದೆ ಬರುವುದಿಲ್ಲ, ಇಲ್ಲವೇ ಪೂರ್ತಿ ಬಿಳಿ ಆಗಿ ನಿಲ್ಲುತ್ತದೆ. ಹತ್ತು ಹದಿನೈದು ನಿಮಿಷ ಬಿಟ್ಟರೆ ಸರಿಯಾಗುತ್ತದೆ. ಬೇಸಿಗೆಯಲ್ಲಿ ಈ ತೊಂದರೆ ಇಲ್ಲ.
ಮೀನು ವ್ಯಾಪಾರಿ, ಮಲ್ಪೆ

ಉತ್ತರ: ಈ ಪತ್ರ ಓದಿ ತುಂಬಾ ಜನಕ್ಕೆ ಉಪಯೋಗ ಆಗುತ್ತದೆ ಅಂತ ಅನ್ನಿಸಿತು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಗಾಳಿಯೇ ಒದ್ದೆ. ಕಡಲ ಹತ್ತಿರ ಅದರಲ್ಲಿ ಉಪ್ಪೂ ಸೇರಿರುತ್ತದೆ. ಉಪ್ಪು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ತೇವದ ಪದರ ಕನೆಕ್ಟರಿನ ಪಿನ್‌ಗಳ ನಡುವೆ ಕೂತರೆ ಅಲ್ಲಿ ಸ್ವಲ್ಪ ಸ್ವಲ್ಪ ಕರೆಂಟ್ ಸೋರುತ್ತದೆ, ಪಿನ್‌ಗಳು ಹಸಿರು ಬಣ್ಣಕ್ಕೆ ತಿರುಗುತ್ತವೆ. ಪರದೆಯ ಕನೆಕ್ಟರಿನಲ್ಲಿ ಪಿನ್‌ಗಳ ನಡುವಿನ ಅಂತರ ಅರ್ಧ ಮಿಲಿಮೀಟರಿನಷ್ಟು, ಇಲ್ಲ ಇನ್ನೂ ಕಡಿಮೆ. ಜೊತೆಗೆ ಬ್ಯಾಕ್‌ಲೈಟಿಗೆ ಹೋಗುವ ಕರೆಂಟಿನ ವೋಲ್ಟೇಜ್ ಪಕ್ಕದ ಸಿಗ್ನಲ್ ತಂತಿಗಳಿಗಿಂತ ಎಷ್ಟೋ ಪಟ್ಟು ಜಾಸ್ತಿ. ಹಾಗಾಗಿ ತೇವ ಮೊದಲು ಕಾಟ ಕೊಡುವುದು ಇಂಥ ಕಡೆ. ಪರದೆ ಪೂರ್ತಿ ಬಿಳಿ ಆಗುವುದು ಅಂದರೆ ಬೆಳಕು ಬಂತು, ಚಿತ್ರದ ಸಿಗ್ನಲ್ ತಲುಪಲಿಲ್ಲ ಅಂತ. ಯಂತ್ರ ಬಿಸಿಯಾದ ಮೇಲೆ ತೇವ ಆರುತ್ತದೆ, ಪರದೆ ಬರುತ್ತದೆ. ನೀವು ಬರೆದದ್ದಕ್ಕೆ ಸರಿಯಾಗಿ ಹೊಂದುತ್ತದೆ.

ಪರಿಹಾರ ಇದೆ, ಖರ್ಚೂ ಕಡಿಮೆ. ಮೇಲೆ ಹೇಳಿದ ಹಾಗೆ ಬ್ಯಾಟರಿ ತೆಗೆದು, ಪರದೆಯ ಕೇಬಲ್‌ನ ಮದರ್‌ಬೋರ್ಡ್ ಕಡೆಯ ತುದಿ ಮತ್ತು ಪ್ಯಾನೆಲ್ ಕಡೆಯ ತುದಿ ಎರಡನ್ನೂ ಬಿಡಿಸಿ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ ಸಿಗುತ್ತದೆ, ಐಪಿಎ ಅಂದರೂ ಕೊಡುತ್ತಾರೆ. 99 ಶೇಕಡದ್ದೇ ಕೇಳಿ, ನೀರು ಬೆರೆತದ್ದು ಬೇಡ. ಮೆತ್ತನೆಯ ಹಲ್ಲುಜ್ಜುವ ಬ್ರಷ್ಷನ್ನು ಅದರಲ್ಲಿ ಅದ್ದಿ ಪಿನ್‌ಗಳನ್ನು ಉದ್ದುದ್ದಕ್ಕೆ ಮೆಲ್ಲಗೆ ಉಜ್ಜಿ. ಅದು ಬೆಂಕಿ ಹತ್ತುವ ವಸ್ತು, ಒಲೆ, ದೇವರ ದೀಪದ ಹತ್ತಿರ ಬೇಡ. ಪೂರ್ತಿ ಒಣಗಲು ಬಿಟ್ಟು ಜೋಡಿಸಿ. ಪಿನ್ ಕಪ್ಪಾಗಿ ಸುಟ್ಟ ಹಾಗೆ ಕಂಡರೆ ಉಜ್ಜಿ ಉಪಯೋಗ ಇಲ್ಲ, ಕನೆಕ್ಟರ್ ಬದಲಿಸಬೇಕು. ಅದು ಅಂಗಡಿಯ ಕೆಲಸ.

ಇನ್ನು ಮುಂದೆ ಮಳೆಗಾಲದಲ್ಲಿ ಲ್ಯಾಪ್‌ಟಾಪನ್ನು ದಿನಾ ಸ್ವಲ್ಪ ಹೊತ್ತಾದರೂ ಆನ್ ಮಾಡಿ ಇಡಿ, ಒಳಗಿನ ಬಿಸಿಗೇ ತೇವ ಹೋಗುತ್ತದೆ. ಬಳಸದಿದ್ದಾಗ ಮುಚ್ಚಳ ಗಟ್ಟಿ ಇರುವ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟರೆ ಒಳ್ಳೆಯದು. ಎಸಿ ಕೋಣೆಯಿಂದ ಹೊರಗೆ ತಂದ ಕೂಡಲೇ ಆನ್ ಮಾಡಬೇಡಿ. ಎಸಿ ಕಾರಿನಿಂದ ಇಳಿದ ಕೂಡಲೇ ಕನ್ನಡಕ ಮಂಜಾಗುತ್ತದಲ್ಲ, ಒಳಗಿನ ಬೋರ್ಡಿಗೂ ಹಾಗೇ ಆಗುತ್ತದೆ. ಅರ್ಧ ಗಂಟೆ ಚೀಲದಲ್ಲೇ ಇರಲಿ. ಮಾಡಿನಿಂದ ನೀರು ತೊಟ್ಟಿಕ್ಕಿ ಒದ್ದೆಯಾದರೆ ಆಫ್ ಮಾಡಿ ಬ್ಯಾಟರಿ ತೆಗೆಸಿ, ಅಕ್ಕಿ ಡಬ್ಬದಲ್ಲಿ ಹೂಳುವುದರಿಂದ ಏನೂ ಲಾಭ ಇಲ್ಲ. ಒಳಗೆ ಹೋದ ನೀರನ್ನು ಅಕ್ಕಿ ಎಳೆಯುವುದಿಲ್ಲ, ಧೂಳು ಮಾತ್ರ ಕೊಡುತ್ತದೆ. ಸಿಡಿಲಿನ ಹೊತ್ತಲ್ಲಿ ಚಾರ್ಜರ್ ಮಾತ್ರ ಅಲ್ಲ, ಇಂಟರ್‌ನೆಟ್ಟಿನ ತಂತಿಯನ್ನೂ ತೆಗೆಯಿರಿ.

ಪ್ರಶ್ನೆ: ಪರದೆಯ ಒಳಗೆ ಒಂದು ಸಣ್ಣ ಇರುವೆ ಓಡಾಡುತ್ತಿದೆ! ಒತ್ತಿ ಸಾಯಿಸಬಹುದಾ?
ಒಂಬತ್ತನೇ ತರಗತಿ ವಿದ್ಯಾರ್ಥಿನಿ, ಕಾಪು

ಉತ್ತರ: ಒತ್ತಲೇಬೇಡ ಮಗಳೇ. ಒಳಗಿನ ಹಾಳೆಗಳ ನಡುವೆ ಸತ್ತು ಅಂಟಿದರೆ ಕಲೆ ಅಲ್ಲೇ ಉಳಿಯುತ್ತದೆ. ಲ್ಯಾಪ್‌ಟಾಪ್ ಆಫ್ ಮಾಡಿ, ಕೋಣೆ ಕತ್ತಲು ಮಾಡಿ, ಪರದೆಯ ಅಂಚಿನ ಪಕ್ಕ ಒಂದು ಸಣ್ಣ ದೀಪ ಇಟ್ಟು ರಾತ್ರಿ ಹಾಗೇ ಬಿಡು. ಬಂದ ದಾರಿಯಲ್ಲೇ ಹೋಗುವ ಸಾಧ್ಯತೆ ಇದೆ. ತಿಂಡಿ ತಿನ್ನುತ್ತಾ ಲ್ಯಾಪ್‌ಟಾಪ್ ನೋಡುವುದು ಬೇಡ, ಆಯ್ತಾ?

ಪ್ರಶ್ನೆ: ಮೊಬೈಲನ್ನು ಕೀಬೋರ್ಡಿನ ಪಕ್ಕ ಅಂಗೈ ಇಡುವ ಜಾಗದಲ್ಲಿ ಇಟ್ಟರೆ ಪರದೆ ತಟ್ಟನೆ ಆರುತ್ತದೆ. ತೆಗೆದರೆ ಬರುತ್ತದೆ.
ಮೆಡಿಕಲ್ ರೆಪ್ರೆಸೆಂಟೇಟಿವ್, ಮಂಗಳೂರು

ಉತ್ತರ: ನಿಮ್ಮ ಮೊಬೈಲ್ ಕವರಿನಲ್ಲಿ ಆಯಸ್ಕಾಂತ ಇದೆ. ಮುಚ್ಚಳ ಮುಚ್ಚಿದ್ದು ಗೊತ್ತಾಗಲು ಲ್ಯಾಪ್‌ಟಾಪ್‌ನ ಪರದೆ ಭಾಗದಲ್ಲಿ ಸಣ್ಣ ಆಯಸ್ಕಾಂತ, ಕೆಳಭಾಗದಲ್ಲಿ ಸೆನ್ಸರ್ ಇರುತ್ತದೆ. ಕವರಿನ ಆಯಸ್ಕಾಂತ ಹತ್ತಿರ ಬಂದರೆ ಮುಚ್ಚಳ ಮುಚ್ಚಿತು ಅಂತ ತಿಳಿದು ಪರದೆ ಆರುತ್ತದೆ. ಕೆಲವು ವಾಚ್ ಪಟ್ಟಿಗಳಿಂದಲೂ ಹೀಗಾಗುತ್ತದೆ. ರಿಪೇರಿ ಬೇಡ, ಮೊಬೈಲ್ ಬೇರೆ ಕಡೆ ಇಡಿ.

ಪ್ರಶ್ನೆ: ಇಯರ್‌ಫೋನ್ ಕೀಬೋರ್ಡ್ ಮೇಲೆ ಇದ್ದದ್ದು ನೋಡದೆ ಮುಚ್ಚಿ ಪರದೆ ಒಡೆಯಿತು. ಲ್ಯಾಪ್‌ಟಾಪ್ ಕೊಂಡು ಎಂಟು ತಿಂಗಳು. ವಾರಂಟಿಯಲ್ಲಿ ಆಗುವುದಿಲ್ಲ ಅಂದರು. ಹೊರಗಡೆ ಮಾಡಿಸಿದರೆ ಉಳಿದ ವಾರಂಟಿ ಹೋಗುತ್ತದಾ? ಸದ್ಯಕ್ಕೆ ದುಡ್ಡಿಲ್ಲ, ಪರೀಕ್ಷೆ ಹತ್ತಿರ ಇದೆ.
ಹಾಸ್ಟೆಲ್ ವಿದ್ಯಾರ್ಥಿ, ಮಣಿಪಾಲ

ಉತ್ತರ: ಒಡೆದ ಪರದೆ ಮಾಮೂಲು ವಾರಂಟಿಯೊಳಗೆ ಬರುವುದಿಲ್ಲ, ಅವರು ಹೇಳಿದ್ದು ಸರಿ. ಆದರೆ ಕೊಳ್ಳುವಾಗ ಆಕಸ್ಮಿಕ ಹಾನಿಗೆ ಬೇರೆ ರಕ್ಷಣೆ ಸೇರಿಸಿದ್ದರೆ ಅದರಲ್ಲಿ ಬರುತ್ತದೆ. ಬಿಲ್ ಒಮ್ಮೆ ಸರಿಯಾಗಿ ಓದಿ, ಎಷ್ಟೋ ಜನಕ್ಕೆ ತಾವು ಅದಕ್ಕೆ ದುಡ್ಡು ಕೊಟ್ಟದ್ದೇ ನೆನಪಿರುವುದಿಲ್ಲ. ಒಂದು ವರ್ಷದ ವಾರಂಟಿ ಆದರೆ ಇನ್ನೂ ನಾಲ್ಕು ತಿಂಗಳು ಇರುವುದರಿಂದ ಈಗ ನೀವಾಗಿ ಬಿಚ್ಚಬೇಡಿ. ಕಂಪನಿಯ ಸೇವಾ ಕೇಂದ್ರದಲ್ಲಿ ಬರವಣಿಗೆಯಲ್ಲಿ ಅಂದಾಜು ಕೇಳಿ, ಹೊರಗೆ ಮಾಡಿಸಿದರೆ ಉಳಿದ ಭಾಗಗಳ ವಾರಂಟಿ ಏನಾಗುತ್ತದೆ ಅಂತಲೂ ಬರವಣಿಗೆಯಲ್ಲೇ ಕೇಳಿ. ಕೊಟ್ಟ ಮಾತಿಗೆ ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಪರೀಕ್ಷೆ ಮುಗಿಯುವ ತನಕ ಒಂದು ದಾರಿ ಇದೆ. ಹಾಸ್ಟೆಲಿನಲ್ಲಿ ಅಥವಾ ಗೆಳೆಯರ ಹತ್ತಿರ ಹಳೆ ಮಾನಿಟರ್ ಇದ್ದರೆ ಎಚ್‌ಡಿಎಂಐ ಕೇಬಲ್ ಹಾಕಿ, ವಿಂಡೋಸ್ ಮತ್ತು ಪಿ ಒತ್ತಿ ಸೆಕೆಂಡ್ ಸ್ಕ್ರೀನ್ ಓನ್ಲಿ ಆರಿಸಿ. ಹಳೆ ಮಾನಿಟರಿನಲ್ಲಿ ವಿಜಿಎ ಮಾತ್ರ ಇದ್ದರೆ ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಸಣ್ಣ ಅಡಾಪ್ಟರ್ ಸಿಗುತ್ತದೆ. ಟೈಪ್ ಸಿ ಕೇಬಲ್ ಕೊಳ್ಳುವುದಾದರೆ ನಿಮ್ಮ ಲ್ಯಾಪ್‌ಟಾಪ್‌ನ ಆ ಪೋರ್ಟಿನಲ್ಲಿ ವಿಡಿಯೊ ಬರುತ್ತದಾ ಅಂತ ಮೊದಲು ನೋಡಿ, ಎಲ್ಲದರಲ್ಲೂ ಬರುವುದಿಲ್ಲ. ಒಡೆದ ಪರದೆಯ ಮೇಲೆ ಅಗಲ ಪ್ಯಾಕಿಂಗ್ ಟೇಪ್ ಅಂಟಿಸಿಬಿಡಿ, ಗಾಜಿನ ಚೂರು ಕೈಗೆ ಚುಚ್ಚುವುದಿಲ್ಲ. ಮುಚ್ಚಳವನ್ನು ಪೂರ್ತಿ ಮುಚ್ಚಿಟ್ಟು ಗಂಟೆಗಟ್ಟಲೆ ಕೆಲಸ ಮಾಡಬೇಡಿ, ಹಲವು ಲ್ಯಾಪ್‌ಟಾಪ್‌ಗಳ ಬಿಸಿ ಕೀಬೋರ್ಡ್ ಕಡೆಯಿಂದಲೂ ಹಿಂಜ್ ಸಂದಿನಿಂದಲೂ ಹೊರಗೆ ಹೋಗಬೇಕು. ಪ್ಯಾನೆಲ್ ಬದಲಿಸುವಾಗ ಹಳೆಯದನ್ನು ಕಸದ ಬುಟ್ಟಿಗೆ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ. ಪರೀಕ್ಷೆ ಚೆನ್ನಾಗಿ ಮಾಡಿ. ಮುಗಿದ ಮೇಲೆ ರಿಪೇರಿಯವರು ಬಿಚ್ಚಿದಾಗ ಪ್ಯಾನೆಲ್‌ನ ಚೀಟಿಯ ಫೋಟೊ ಕಳಿಸಿದರೆ ಯಾವುದು ಹೊಂದುತ್ತದೆ ಅಂತ ಬರೆಯುತ್ತೇನೆ.